ನೊಣಗಳಿಗೆ ಬಡಿಸಿದ ಸಜ್ಜಕ

2005ರಲ್ಲಿ ನಾನು ರಾಣೆಬೆನ್ನೂರಿನ ಒಂದು ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ನಮ್ಮ ವಿಭಾಗ ಹಳೆಯ ಕಟ್ಟಡದ ಹಿಂದೆ, ಸೈಕಲ್ ಸ್ಟ್ಯಾಂಡಿಗೆ ಅಂಟಿಕೊಂಡ ಎರಡು ಕೋಣೆಗಳಲ್ಲಿತ್ತು. ಮುಖ್ಯಸ್ಥರು ಹಲಗೇರಿ ಸರ್. ದೊಡ್ಡ ದನಿಯ, ದೊಡ್ಡ ಹೊಟ್ಟೆಯ, ಯಾರ ಮನೆಯ ಊಟವನ್ನೂ ತಪ್ಪಿಸದ ಮನುಷ್ಯ. ಅಟೆಂಡರ್ ಕೆಲಸಕ್ಕೆ ಫಕೀರವ್ವ. ಮೂರನೆಯವಳು ನಾನು. ಉಳಿದಂತೆ ಅಲ್ಲಿ ವಾಸವಾಗಿದ್ದವು ನೊಣಗಳು.

ನಾನು ದಿನಚರಿ ಬರೆಯುವವಳು, ಆದರೆ ದಿನಚರಿಯನ್ನು ಪೂರ್ತಿ ನಂಬುವವಳಲ್ಲ. ಸಿಟ್ಟಿನ ದಿನ ಬರೆದದ್ದು ಸಿಟ್ಟನ್ನಷ್ಟೇ ಕಾಯ್ದಿಡುತ್ತದೆ. ನೆನಪನ್ನಂತೂ ನಂಬುವುದೇ ಇಲ್ಲ. ಹಲವು ಸಲ ಹೇಳಿ ಹೇಳಿ ಈ ಕಥೆಗೆ ಎಷ್ಟು ಮಸಾಲೆ ಸೇರಿದೆಯೋ ನನಗೇ ತಿಳಿಯದು. ಅನುಮಾನವಿರುವ ಕಡೆ ಅನುಮಾನವಿದೆ ಎಂದೇ ಹೇಳುತ್ತೇನೆ. ಅನುಮಾನವಿಲ್ಲದ್ದು ಒಂದೇ: ಹೇಸಿಗೆ. ಅದು ಇಷ್ಟು ವರ್ಷವಾದರೂ ತಾಜಾ ಆಗಿದೆ.

ನಮ್ಮ ನೊಣಗಳ ಬಗ್ಗೆ ಮೊದಲು ಹೇಳಬೇಕು. ಮಾಗಿದ ಬಾಳೆಹಣ್ಣನ್ನು ಎರಡು ದಿನ ಮುಚ್ಚದೆ ಇಟ್ಟರೆ ಎಲ್ಲಿಂದಲೋ ಬಂದು ಸುತ್ತುವ, ಎಳ್ಳಿನಷ್ಟು ಗಾತ್ರದ, ಕೆಂಪು ಕಣ್ಣಿನ ಸಣ್ಣ ನೊಣ ಗೊತ್ತಲ್ಲ, ಅದೇ ಡ್ರೊಸೊಫಿಲಾ. ವಿಶ್ವವಿದ್ಯಾಲಯದಲ್ಲಿ ಓದುವಾಗ ನಾನು ಅದನ್ನು ಸಾಕುವುದು ಕಲಿತಿದ್ದೆ. ಮೊಟ್ಟೆಯಿಂದ ನೊಣವಾಗಲು ಹತ್ತು ಹನ್ನೆರಡು ದಿನ ಸಾಕು. ಹೀಗಾಗಿ ಒಂದು ತಿಂಗಳಲ್ಲಿ ಅಜ್ಜಿ, ಮಗಳು, ಮೊಮ್ಮಗಳು ಮೂವರನ್ನೂ ನೋಡಬಹುದು. ಮನುಷ್ಯನ ಇನ್ಸುಲಿನ್ನಿಗೆ ಹತ್ತಿರದ ಸಂಬಂಧಿಯಾದ ರಾಸಾಯನಿಕ ಈ ನೊಣದಲ್ಲೂ ಇದೆ, ತನ್ನದೇ ರೀತಿಯಲ್ಲಿ ಇದಕ್ಕೂ ಕೊಬ್ಬು ಕೂಡುತ್ತದೆ ಎಂಬುದು ಆ ವರ್ಷಗಳಲ್ಲಿ ನಮ್ಮ ಕ್ಷೇತ್ರದ ದೊಡ್ಡ ಸುದ್ದಿ. ಆಹಾರದಿಂದ ಬರುವ ಕಾಯಿಲೆಗಳನ್ನು, ಅದರಲ್ಲೂ ಸಕ್ಕರೆ ಕಾಯಿಲೆಯನ್ನು, ಈ ಪುಟ್ಟ ನೊಣದಲ್ಲಿ ಅಭ್ಯಾಸ ಮಾಡುವವರ ಸಂಖ್ಯೆ ಹೆಚ್ಚುತ್ತಿತ್ತು.

ಸಾಕುವ ಕೆಲಸ ಹೊರಗಿನವರು ಅಂದುಕೊಂಡಷ್ಟು ಚೊಕ್ಕವಲ್ಲ. ಬಾಟಲಿಯ ತಳದಲ್ಲಿ ಆಹಾರ ಹಾಕುತ್ತೇವೆ. ನೊಣ ಅದರ ಮೇಲೆಯೇ ಮೊಟ್ಟೆಯಿಡುತ್ತದೆ, ಮರಿಹುಳು ಅದರೊಳಗೇ ಕೊರೆದುಕೊಂಡು ಬೆಳೆಯುತ್ತದೆ. ಕೆಲವು ದಿನಗಳಲ್ಲಿ ಬಾಟಲಿಯೊಳಗಿನದ್ದೆಲ್ಲ ಗಂಜಿಯಂತೆ ಸಡಿಲಾಗಿ ಒಳಗಿಂದ ಮಿಸುಕುತ್ತದೆ. ಬೂಸು ಬರದಿರಲೆಂದು ಹಾಕುವ ಪ್ರೊಪಿಯೋನಿಕ್ ಆಮ್ಲಕ್ಕೆ ಬೆವರು ಕುಡಿದ ಕಾಲ್ಚೀಲದ ವಾಸನೆ. ಹುಳಿ, ಬೆವರು, ಸತ್ತ ಯೀಸ್ಟು ಎಲ್ಲ ಸೇರಿ ನಮ್ಮ ಸೀರೆಗೆ, ಕೂದಲಿಗೆ, ಊಟದ ಡಬ್ಬಿಗೆ ಹತ್ತಿಕೊಳ್ಳುತ್ತಿತ್ತು. ಮೊದಲ ವರ್ಷ ನಾನು ಎರಡು ಸಲ ಸ್ನಾನ ಮಾಡುತ್ತಿದ್ದೆ. ಆಮೇಲೆ ವಾಸನೆ ಬರುವುದೇ ನಿಂತಿತು. ಅಂದರೆ, ನನಗೆ.

ಆ ಆಹಾರವೆಂದರೆ ಬೇರೇನಲ್ಲ. ಗೋದಿರವೆ, ಬೆಲ್ಲ, ನೀರು. ಗಟ್ಟಿಯಾಗಲು ಕಡಲ ಪಾಚಿಯಿಂದ ತೆಗೆದ ಅಗಾರ್, ಮೇಲೊಂದು ಚಿಟಿಕೆ ಯೀಸ್ಟು. ನಮ್ಮ ಕಡೆಯ ಹೆಂಗಸರಿಗೆ ಅದನ್ನು ವಿವರಿಸುವ ಅಗತ್ಯವೇ ಇಲ್ಲ. ಮೊದಲ ದಿನ ನಾನು ಚೀಟಿ ನೋಡಿ ಅಳತೆ ಹೇಳತೊಡಗಿದಾಗ ಫಕೀರವ್ವ ನಕ್ಕುಬಿಟ್ಟಿದ್ದಳು.

"ಸಜ್ಜಕ ಅನ್ರಿ ಮೇಡಮ್ಮಾರ. ಇಷ್ಟಕ್ಕ ಇಂಗ್ಲೀಷ್ ಯಾಕ?"

ಹೌದು, ಸಜ್ಜಕವೇ. ಹಬ್ಬದ ದಿನ ತುಪ್ಪ ಹಾಕಿಕೊಂಡು ಉಣ್ಣುವ ಸಿಹಿ. ಆ ದಿನದಿಂದ ನಾನು ಮನೆಯಲ್ಲಿ ಅದನ್ನು ಮಾಡಿಲ್ಲ.

ಹಲಗೇರಿ ಸರ್ ಅವರಿಗೆ ಸಕ್ಕರೆ ಕಾಯಿಲೆಯಿತ್ತು. ಆ ವರ್ಷ ದೀಪಾವಳಿಗೆ ಹೊಸ ಬೂಟು ಕಚ್ಚಿ ಎಡಗಾಲಿನ ಹೆಬ್ಬೆರಳಿನ ಪಕ್ಕ ಒಂದು ಗಾಯವಾಯಿತು. ಹಾವೇರಿಯಲ್ಲಿ ಅವರು ತೋರಿಸಿಕೊಳ್ಳುತ್ತಿದ್ದ ಡಾಕ್ಟರು ಕಾಲನ್ನು ಸೂಜಿಯಿಂದ ಅಲ್ಲಲ್ಲಿ ಮುಟ್ಟಿ ನೋಡಿದರಂತೆ. ಸರ್ ಅವರಿಗೆ ಬೆರಳುಗಳ ಕಡೆ ಏನೂ ತಿಳಿಯಲಿಲ್ಲವಂತೆ. ಸಿಹಿ ಬಿಡಿ, ಬೆಲ್ಲವನ್ನೂ ಬಿಡಿ, ಇಲ್ಲದಿದ್ದರೆ ಈ ಗಾಯ ಮಾಯುವುದಿಲ್ಲ, ಮೊದಲು ಬೆರಳು ಹೋಗುತ್ತದೆ, ಆಮೇಲೆ ಕಾಲು ಎಂದು ಡಾಕ್ಟರು ನೇರವಾಗಿಯೇ ಹೇಳಿ ಕಳಿಸಿದ್ದರು. ಇದನ್ನು ಸರ್ ಸ್ಟಾಫ್ ರೂಮಿನಲ್ಲಿ ನಗೆಚಾಟಿಕೆಯಂತೆ ಹೇಳಿದರು.

"ಸಕ್ರಿ ಬಿಡಂದ್ರು, ಬಿಟ್ಟೆ. ಈಗ ಬೆಲ್ಲಾನೂ ಬಿಡ ಅಂತಾರ. ಬೆಲ್ಲಾ ಬಿಟ್ಟ ಮ್ಯಾಲೆ ಈ ಕಾಲ ತಗೊಂಡು ಎಲ್ಲಿಗೆ ನಡಕೊಂತ ಹೋಗ್ಲಿ ನಾ?"

"ಎರಡೂ ಕಬ್ಬಿನಿಂದಾನ ಬಂದದ್ದಲ್ರಿ ಸರ," ಎಂದೆ.

"ನೀವೂ ಶುರು ಮಾಡಿದ್ರಿ? ಸಕ್ರಿ ಫ್ಯಾಕ್ಟರ್ಯಾಗ ಹುಟ್ಟತೈತಿ ರೀ, ಬೆಲ್ಲಾ ಗಾಣದಾಗ. ನಮ್ಮಜ್ಜ ದಿನಾ ಒಂದ ಹೆಂಟಿ ಬೆಲ್ಲಾ ತಿಂದು ಹೊಲಾ ಉಳತಿದ್ದ." ಆಮೇಲೆ ತಾವೇ ಉತ್ಸಾಹಗೊಂಡು ಮೇಜು ಗುದ್ದಿದರು. "ನಿಮ್ಮ ನೊಣಾನ ಕೇಳೂಣಲ್ಲಾ? ಸಕ್ರಿ ಬ್ಯಾರೆ, ಬೆಲ್ಲಾ ಬ್ಯಾರೆ ತಿನಸ್ರಿ. ನೊಣಾ ಏನ ಹೇಳ್ತಾವ ಅದನ್ನ ನಾ ಕೇಳ್ತೇನಿ. ಡಾಕ್ಟರ್‌ದು ಕೇಳಂಗಿಲ್ಲ."

ನನಗೆ ಆ ಮಾತು ಒಪ್ಪಿಗೆಯಾಯಿತು. ಒಳ್ಳೆಯ ಪ್ರಶ್ನೆ, ನಮ್ಮ ಕೈಯಲ್ಲಿ ಮಾಡಬಹುದಾದ ಪ್ರಯೋಗ. ಪದವಿ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಕೂಡ ಆಗುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನೊಣಗಳು ಡಾಕ್ಟರ ಮಾತನ್ನೇ ಹೇಳುತ್ತವೆ, ಆಗಲಾದರೂ ಇವರು ಬೆಲ್ಲ ಬಿಟ್ಟು ಕಾಲು ಉಳಿಸಿಕೊಳ್ಳುತ್ತಾರೆ ಎಂದು ನಾನು ಅಂದುಕೊಂಡೆ. ಅಂದುಕೊಂಡೆನೇ, ಇಲ್ಲ ಈಗ ಹಾಗೆ ಸೇರಿಸಿಕೊಳ್ಳುತ್ತಿದ್ದೇನೆಯೇ? ದಿನಚರಿಯಲ್ಲಿ ಆ ದಿನ ಬರೆದಿರುವುದು ಇಷ್ಟೇ: "ಹ. ಸರ್ ಪ್ರಯೋಗಕ್ಕೆ ಹೂಂ ಅಂದರು. ಅಗಾರ್ ತರಿಸಬೇಕು."

ಮೂರು ಗುಂಪು ಮಾಡಿದೆವು. ಮೊದಲನೆಯದಕ್ಕೆ ಎಂದಿನ ಸಾದಾ ಆಹಾರ, ಬೆಲ್ಲ ಸ್ವಲ್ಪವೇ. ಎರಡನೆಯದಕ್ಕೆ ಅದರ ಹಲವು ಪಟ್ಟು ಬೆಲ್ಲ. ಮೂರನೆಯದಕ್ಕೆ ಅಷ್ಟೇ ಪ್ರಮಾಣದ ಬಿಳಿ ಸಕ್ಕರೆ. ಸಾದಾ ಗುಂಪನ್ನು ನಾವು ಕಂಟ್ರೋಲ್ ಎನ್ನುತ್ತೇವೆ. ಹೋಲಿಸಿ ನೋಡಲು ಅದೇ ಆಧಾರ. ಅದು ಕೆಟ್ಟರೆ ಎಲ್ಲ ಕೆಟ್ಟಂತೆ. ಸಾದಾ ಮತ್ತು ಬೆಲ್ಲದ ಬಾಟಲಿಗಳು ಕಪಾಟಿನ ಒಂದೇ ಹಲಗೆಯ ಮೇಲೆ ಸಾಲಾಗಿ ಕೂತವು. ಸಕ್ಕರೆಯ ಬಾಟಲಿಗಳಿಗೆ ಅಲ್ಲಿ ಜಾಗ ಸಾಲದೆ ಪಕ್ಕದ ಕೋಣೆಯ ಕಿಟಕಿಯ ಕಟ್ಟೆಗೆ ಹೋದವು.

ನೋಡಬೇಕಾದದ್ದು ಎರಡು. ಮರಿಹುಳು ಎಷ್ಟು ಬೇಗ ಬೆಳೆದು ಗೂಡು ಕಟ್ಟುತ್ತದೆ ಎಂಬುದು ಒಂದು. ಇನ್ನೊಂದು ಏರುವ ಪರೀಕ್ಷೆ. ನೊಣಗಳನ್ನು ಉದ್ದನೆಯ ಗಾಜಿನ ನಳಿಗೆಗೆ ಹಾಕಿ ಮೇಜಿನ ಮೇಲೆ ಕುಟ್ಟಿದರೆ ಎಲ್ಲವೂ ತಳಕ್ಕೆ ಬೀಳುತ್ತವೆ. ಆರೋಗ್ಯದ ನೊಣ ಕ್ಷಣದಲ್ಲಿ ಗೋಡೆ ಹಿಡಿದು ಮೇಲಕ್ಕೆ ಓಡುತ್ತದೆ. ಕೊಬ್ಬಿದ ನೊಣ ತಳದಲ್ಲೇ ಒದ್ದಾಡುತ್ತದೆ. ಯಾರು ಬೇಕಾದರೂ ಬರಿಗಣ್ಣಿನಿಂದ ನೋಡಿ ಹೇಳಬಹುದು.

ಪ್ರಯೋಗ ಶುರುವಾಗುವ ಹೊತ್ತಿಗೇ ನನ್ನನ್ನು ಮೌಲ್ಯಮಾಪನಕ್ಕೆಂದು ಧಾರವಾಡಕ್ಕೆ ಕರೆದರು. ಹೋಗದಿರುವಂತಿರಲಿಲ್ಲ. ಮೂರು ಆಹಾರದ ಅಳತೆಯನ್ನೂ ಬರೆದು ಗೋಡೆಗೆ ಅಂಟಿಸಿ, ಫಕೀರವ್ವನಿಗೆ ಒಂದು ಸಲ ಮಾಡಿ ತೋರಿಸಿ ಹೋದೆ. ಮರಳಿ ಬಂದಾಗ ಹೊಸ ನೊಣಗಳು ಹೊರಬಂದಿದ್ದವು. ಕುಟ್ಟಿ ನೋಡಿದೆವು. ಸಕ್ಕರೆಯ ನೊಣಗಳು ನಳಿಗೆಯ ತಳದಲ್ಲಿ ಗುಂಪುಗೂಡಿ ತೆವಳುತ್ತಿದ್ದವು. ಬೆಲ್ಲದ ನೊಣಗಳು? ಅವು ಕಂಟ್ರೋಲ್ ನೊಣಗಳಷ್ಟೇ ಏರಿದವು. ಗೂಡು ಕಟ್ಟಿದ್ದೂ ಅವುಗಳ ಜೊತೆಜೊತೆಗೇ. ಎರಡು ಗುಂಪಿನ ನಡುವೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಹಲಗೇರಿ ಸರ್ ನಳಿಗೆಯನ್ನು ಬೆಳಕಿಗೆ ಹಿಡಿದು, ಒಮ್ಮೆ ಕುಟ್ಟಿ, ಮತ್ತೊಮ್ಮೆ ಕುಟ್ಟಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಬೆಲ್ಲಾ ಬಿಡುಗಡೆ ಆತ್ರಿ ಮೇಡಮ್ಮಾರ! ಗುನ್ನೆ ಇಲ್ಲ ಅಂತ ನೊಣಾ ತೀರ್ಪ ಕೊಟ್ಟುವು!"

ಎರಡು ಗುಂಪು ಅಷ್ಟೊಂದು ಒಂದೇ ಆಗಿರುವುದು ನನಗೆ ಸರಿ ಕಾಣಲಿಲ್ಲ. ಜೀವಂತ ವಸ್ತುಗಳು ಅಷ್ಟು ಚೊಕ್ಕವಾಗಿ ಹೊಂದುವುದಿಲ್ಲ. ಇನ್ನೊಮ್ಮೆ ಮಾಡೋಣ, ಅಲ್ಲಿಯವರೆಗೆ ಯಾರಿಗೂ ಹೇಳುವುದು ಬೇಡ ಎಂದೆ. ಆದರೆ ಅವರು ಅಷ್ಟರಲ್ಲೇ ಸ್ಟಾಫ್ ರೂಮಿಗೆ ಹೊರಟಿದ್ದರು. ಮರುದಿನದಿಂದ ಅವರ ಡಬ್ಬಿಯಲ್ಲಿ ಬೆಲ್ಲದ ಉಂಡೆ. ತಾವಷ್ಟೇ ತಿಂದಿದ್ದರೆ ಬೇರೆ ಮಾತು. ಶುಗರ್ ಇದ್ದ ಕಾಮರ್ಸ್ ವಿಭಾಗದ ಇಬ್ಬರಿಗೆ, ಕ್ಲಾರ್ಕಿಗೆ, ಲೈಬ್ರರಿಯವರಿಗೆ ಕೈಯಾರೆ ತಿನ್ನಿಸಿದರು. ಬೆಲ್ಲ ಅಂಟಿದ ಬೆರಳನ್ನು ನೆಕ್ಕಿಕೊಳ್ಳುತ್ತ ನೊಣದ ಶರೀರಶಾಸ್ತ್ರ ಹೇಳುತ್ತಿದ್ದ ಅವರನ್ನು ನೋಡುವಾಗ ನನಗೆ ಬಾಟಲಿಯ ತಳ ಕಣ್ಣಿಗೆ ಬರುತ್ತಿತ್ತು. ಇನ್ನೊಬ್ಬರ ನಾಲಿಗೆಯ ಆಸೆಗೆ ನನ್ನ ವಿದ್ಯೆ ಉಪ್ಪಿನಕಾಯಿಯಾಗಿತ್ತು.

ಎರಡನೆಯ ಸಲದ ಆಹಾರ ಬೇಯಿಸುವ ದಿನ ನಾನು ಪಕ್ಕದಲ್ಲೇ ನಿಂತೆ. ಫಕೀರವ್ವ ಅಳತೆ ತಪ್ಪಲಿಲ್ಲ. ಸಾದಾ ಆಹಾರ ಒಂದು ಪಾತ್ರೆಯಲ್ಲಿ, ಬೆಲ್ಲದ್ದು ಇನ್ನೊಂದರಲ್ಲಿ ಕುದಿಯಿತು. ಎರಡನ್ನೂ ಇಳಿಸಿದಳು. ಆಮೇಲೆ, ಏನೂ ವಿಶೇಷವಿಲ್ಲವೆಂಬಂತೆ, ಒಂದನ್ನು ಇನ್ನೊಂದಕ್ಕೆ ಸುರಿದು ಸೌಟಿನಿಂದ ಕಲಸತೊಡಗಿದಳು.

"ಏನ ಮಾಡಾಕತ್ತೀಯ ಫಕೀರವ್ವಾ?"

"ಬಡಸಬೇಕಲ್ರಿ."

"ಎರಡೂ ಕೂಡಿಸಿದೆಲ್ಲ!"

"ಹೋದ ಸಲಾನೂ ಕೂಡಿಸಿದ್ದೆ." ಅವಳಿಗೆ ನನ್ನ ಗಾಬರಿಯೇ ಅರ್ಥವಾಗಲಿಲ್ಲ. "ಒಂದ ಸಾಲಿನ್ಯಾಗ ಕುಂತಾವಲ್ರಿ. ಒಂದ ಸಾಲಿಗೆ ಎರಡ ನಮೂನಿ ಬಡಸ್ತಾರೇನ್ರಿ? ಆ ಕಡೆ ಖೋಲಿಯಾಗಿನವು ಬ್ಯಾರೆ ಪಂಕ್ತಿ. ಅವಕ್ಕ ಸಕ್ರೀದ ಬ್ಯಾರೆ ಇಟ್ಟೇನಿ, ಮುಟ್ಟಿಲ್ಲ."

"ಅವು ನೊಣಾ ಫಕೀರವ್ವಾ!"

"ನೊಣಾ ಆದ್ರೇನ್ರಿ. ಹೊಟ್ಟಿ ಇಲ್ಲೇನು?" ಎಂದಳು. ಸೌಟು ಕೆಳಗಿಟ್ಟು, "ನಾವು ಸಣ್ಣವರಿದ್ದಾಗ ಊರ ಗೌಡರ ಮನ್ಯಾಗ ಮದವಿ ಆದ್ರ ಆ ಸಾಲಿಗೆ ಹೋಳಗಿ, ನಮ್ಮ ಸಾಲಿಗೆ ನುಚ್ಚು ಬರತಿತ್ರಿ. ಹೋಳಗಿ ವಾಸನಿ ಮಾತ್ರ ಇತ್ಲಾಗೂ ಬರತಿತ್ತು. ನನ್ನ ಕೈಲೆ ಅಂಥಾದ್ದ ಆಗಂಗಿಲ್ಲ," ಎಂದಳು.

ಪ್ರಯೋಗವೆಂದರೆ ಬೇಕಂತಲೇ ಮಾಡುವ ಪಂಕ್ತಿಭೇದ ಎಂದು ನಾನು ಅವಳಿಗೆ ಹೇಳಿರಲೇ ಇಲ್ಲ. ಹೇಳಿದ್ದರೆ ಅವಳು ಸೌಟು ಹಿಡಿಯುತ್ತಿರಲಿಲ್ಲವೇನೋ. ಏನೇ ಇರಲಿ, ಈಗ ಎಲ್ಲ ತಿಳಿಯಾಯಿತು. ಸಾದಾ ನೊಣಗಳೂ ಬೆಲ್ಲದ ನೊಣಗಳೂ ತಿಂದದ್ದು ಒಂದೇ ಪಾತ್ರೆಯ, ಬೆಲ್ಲ ಅರ್ಧಕ್ಕಿಳಿದ ಅಡುಗೆ. ಅವು ಒಂದೇ ಥರ ಏರಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಬೆಲ್ಲದ ಬಗ್ಗೆ ಆ ಪ್ರಯೋಗ ಏನನ್ನೂ ಹೇಳಿರಲಿಲ್ಲ.

ಅದೇ ಮಧ್ಯಾಹ್ನ ಹಲಗೇರಿ ಸರ್ ಮುಂದೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಮೊದಲು ನಕ್ಕರು, ಆಮೇಲೆ ಮುಖ ಸಣ್ಣದು ಮಾಡಿಕೊಂಡರು.

"ಹಂಗಾರ ಬೆಲ್ಲಾ ಕೆಟ್ಟದ್ದು ಅಂತೇನೂ ಸಾಬೀತ ಆಗಿಲ್ಲಲ್ಲ?"

"ಛಲೋ ಅಂತಾನೂ ಆಗಿಲ್ರಿ ಸರ."

"ಮತ್ತ ಮಾಡ್ರಿ. ಸಾಬೀತ ಆಗೂಮಟ ನಾ ತಿಂತೇನಿ."

"ಆಗೂಮಟ ಬಿಡ್ರಿ ಸರ. ಕಾಲಿಗೆ ಗಾಯ ಐತಿ."

"ಗಾಯ ಮಾದೈತ್ರಿ," ಎಂದರು. ಬೂಟು ಬಿಚ್ಚಿ ತೋರಿಸಲಿಲ್ಲ. ನಾನೂ ತೋರಿಸಿ ಎನ್ನಲಿಲ್ಲ. ವಿಭಾಗದ ಮುಖ್ಯಸ್ಥರಿಗೆ ಬೂಟು ಬಿಚ್ಚಿರೆಂದು ಹೇಳುವ ರೂಢಿ ನಮ್ಮಲ್ಲಿಲ್ಲ.

ಮೂರನೆಯ ಸಲ ನಾನೇ ಬೇಯಿಸಿದೆ, ನಾನೇ ಹಾಕಿದೆ. ಆ ನೊಣಗಳು ಇನ್ನೂ ಗೂಡಿನಲ್ಲಿರುವಾಗ ಬ್ಯಾಡಗಿಯಿಂದ ಗೃಹಪ್ರವೇಶದ ಕರೆ ಬಂತು. ಮೆಣಸಿನಕಾಯಿ ವ್ಯಾಪಾರಿ ಮಲ್ಲೇಶಪ್ಪ ಸರ್ ಅವರ ಹಳೆಯ ಶಿಷ್ಯ. ವಿಭಾಗಕ್ಕೇ ಕರೆ ಇತ್ತಾದ್ದರಿಂದ ನಾನೂ ಹೋದೆ.

ಅದು ಮೆಣಸಿನಕಾಯಿ ಸುಗ್ಗಿ. ಮಾರುಕಟ್ಟೆಯ ಕಡೆಯಿಂದ ಗಾಳಿ ಬೀಸಿದಾಗಲೆಲ್ಲ ಪೆಂಡಾಲಿನಲ್ಲಿ ಕೂತವರು ಸಾಲುಸಾಲಾಗಿ ಸೀನುತ್ತಿದ್ದರು. ಊರವರಿಗೆ ಅದು ಲೆಕ್ಕಕ್ಕಿರಲಿಲ್ಲ. ಸೀನಿ, ಮೂಗು ಒರೆಸಿಕೊಂಡು, ಅದೇ ಕೈಯಲ್ಲಿ ಹೋಳಿಗೆ ಮುರಿಯುತ್ತಿದ್ದರು. ಟೇಬಲ್ ಊಟ. ಸರ್ ಬೂಟು ಹಾಕಿಕೊಂಡೇ ಕೂತರು. ನಮ್ಮ ನೊಣಗಳ ಸುದ್ದಿ ಅಲ್ಲಿಗೂ ಬಂದುಬಿಟ್ಟಿತ್ತು.

"ಸರ, ಬೆಲ್ಲದ ಹೋಳಗಿ ನಡೀತೈತಂತಲ್ರಿ ಶುಗರ್‌ನವರಿಗೆ?" ಎಂದ ಮಲ್ಲೇಶಪ್ಪ.

"ಬೆಲ್ಲಾ ತಿಂದು ನೊಣಾನ ಮ್ಯಾಲ ಹತ್ತಾಕತ್ತಾವ. ನಿನಗೇನ ಆಗತೈತೋ ಮಲ್ಲೇಶಿ? ಹಾಕ, ಇನ್ನೊಂದ ಹಾಕ."

ನಾನು ಎಲ್ಲರಿಗೂ ಕೇಳುವಂತೆ, "ಆ ಪ್ರಯೋಗ ತಪ್ಪಾಗೇತ್ರಿ. ಇನ್ನೂ ಏನೂ ಗೊತ್ತಾಗಿಲ್ಲ. ಯಾರೂ ತಿನಬ್ಯಾಡ್ರಿ," ಎಂದೆ.

"ಮೇಡಮ್ಮಾರು ಭಾಳ ಅಂಜಬುರುಕರು," ಎಂದರು ಸರ್. ಟೇಬಲ್ಲೆಲ್ಲ ನಕ್ಕಿತು. ಬಡಿಸುವವನು ನನ್ನ ಎಲೆಗೇ ಎರಡು ಹೋಳಿಗೆ ಎಸೆದು ತುಪ್ಪ ಸುರಿದ. ನನ್ನೆದುರು ಕೂತಿದ್ದ ಒಬ್ಬ ದಪ್ಪನೆಯ ಹಿರಿಯರು ಅಂಗಿಯ ಜೇಬಿನಿಂದ ಗುಳಿಗೆ ತೆಗೆದು, "ಇವತ್ತ ಎರಡ ತಗೊಂಡ್ರ ಆತು, ಬರಾಬರಿ," ಎಂದು ತುಪ್ಪದ ಬೆರಳಿನಿಂದಲೇ ಬಾಯಿಗೆ ಹಾಕಿಕೊಂಡು ಹೋಳಿಗೆಯ ಸಾರಿನಿಂದ ನುಂಗಿದರು. ಒಲ್ಲೆ ಎಂದವರು ಎಲೆಗೆ ಕೈ ಅಡ್ಡ ಹಿಡಿದರೂ ಕೈಯ ಮೇಲೇ ಹಾಕಿ ಹೋಗುತ್ತಿದ್ದರು. ಅದಕ್ಕೆ ನಮ್ಮಲ್ಲಿ ಉಪಚಾರವೆಂದು ಹೆಸರು. ಸಕ್ಕರೆ ಕಾಯಿಲೆಯ ಮನುಷ್ಯನ ಬಾಯಿಗೆ ಹೋಳಿಗೆ ತುರುಕಿ, ಅವನು ತೇಗುವವರೆಗೆ ಬಿಡದಿರುವ ಪ್ರೀತಿ. ನಾನು ಎಲೆ ಮಡಿಚಿ ಎದ್ದೆ.

ಊಟವಾದ ಮೇಲೆ ಮಲ್ಲೇಶಪ್ಪನ ತಾಯಿ ಗುರುಗಳಿಗೆ ದೇವರ ಮನೆಯಲ್ಲಿ ಶಾಲು ಹೊದಿಸಬೇಕೆಂದು ಕರೆದರು. ಒಳಗೆ ಹೋಗುವ ಮುಂಚೆ ಕಾಲು ತೊಳೆಯಬೇಕಲ್ಲ. ಹಿತ್ತಲ ಕಲ್ಲಿನ ಮೇಲೆ ಸರ್ ನಿಂತರು, ಆ ತಾಯಿ ತಂಬಿಗೆ ಹಿಡಿದು ನಿಂತರು.

"ಕಾಲ್ಚೀಲಾನೂ ತಗೀರಿ ಸರ."

ಬಲಗಾಲಿನದು ಬಂತು. ಎಡಗಾಲಿನದು ಅಂಟಿಕೊಂಡಿತ್ತು. ಅವರು ಗೋಡೆ ಹಿಡಿದು ಜಗ್ಗಿದರು. ಚೀಲ ಕಳಚಿ ಬಂತು, ಜೊತೆಗೆ ಇನ್ನೂ ಏನೋ ಬಂತು. ಆ ತಾಯಿ ನೀರು ಹಾಕಿದರು. ಕಲ್ಲಿನ ಮೇಲೆ ಬಿಳಿ ಬಿಳಿ ಉದುರಿತು.

"ಅಯ್ಯ, ಅನ್ನದ ಅಗಳು ಹೆಂಗ ಬಂದುವು ಚೀಲದಾಗ?" ಎಂದರು ಅವರು.

ಅಗಳುಗಳು ಹರಿದಾಡಿದವು. ತಂಬಿಗೆ ಕೆಳಗೆ ಬಿತ್ತು.

ಹೆಬ್ಬೆರಳಿನ ಪಕ್ಕದ ಗಾಯ ಮಾದಿರಲಿಲ್ಲ. ಅದು ಬೆರಳಿನ ಬುಡವನ್ನೆಲ್ಲ ತಿಂದು ಪಾದದ ಕೆಳಗೆ ಹೋಗಿತ್ತು. ಬೆರಳು ಕಪ್ಪಗಿತ್ತು. ಒಳಗೆ ಹುಳುಗಳು ಒಂದರ ಮೇಲೊಂದು ತಲೆ ಹುಗಿಸಿಕೊಂಡು, ನಾನು ಜೀವಮಾನವೆಲ್ಲ ಬಾಟಲಿಗಳಲ್ಲಿ ನೋಡಿದ ಹಾಗೆಯೇ, ಒಟ್ಟಾಗಿ ಮಿಸುಕುತ್ತಿದ್ದವು. ಸರ್ ಬಗ್ಗಿ ನೋಡಿದರು. ನೋವಿರಲಿಲ್ಲವಲ್ಲ, ಅವರ ಮುಖದಲ್ಲಿದ್ದದ್ದು ಕುತೂಹಲ ಮಾತ್ರ.

"ಇವು ನಮ್ಮವೇನ್ರಿ ಮೇಡಮ್ಮಾರ?"

"ಅಲ್ರಿ ಸರ," ಎಂದೆ. "ನಮ್ಮವು ಇಷ್ಟ ದೊಡ್ಡವು ಆಗಂಗಿಲ್ಲ. ಇವು ಹಸರ ನೊಣದ್ದು."

ಅಲ್ಲಿ ನಿಂತು ಮರಿಹುಳುವಿನ ಜಾತಿ ಗುರುತಿಸಿದ ನನ್ನ ಮೇಲೂ ನನಗೆ ಅಸಹ್ಯವಾಯಿತು. ಆದರೆ ಅವರು ಕೇಳಿದ್ದರು, ನನಗೆ ಗೊತ್ತಿತ್ತು.

ಅವರನ್ನು ಮುಟ್ಟಲು ಯಾರೂ ಬರಲಿಲ್ಲ. ಯಾರೋ ಫಿನಾಯಿಲ್ ತಂದು ಕಲ್ಲಿನ ಮೇಲೆ ಸುರಿದರು. ಶಾಲು ದೇವರ ಮನೆಯಲ್ಲೇ ಉಳಿಯಿತು. ಹೋಳಿಗೆಯ ಬುಟ್ಟಿ ಹೊತ್ತ ಹುಡುಗರು ಮೂಗು ಮುಚ್ಚಿಕೊಂಡು ಸುತ್ತುಬಳಸಿ ಪೆಂಡಾಲಿಗೆ ಹೋದರು. ಮುಂದಿನ ಸಾಲಿಗೆ ಬಡಿಸುವುದು ನಿಲ್ಲಲಿಲ್ಲ. ನಾನೂ ನಾವು ಬಂದಿದ್ದ ಕಾರಿನ ಡ್ರೈವರೂ ಸೇರಿ ಕಾಲಿಗೆ ಹೊಸ ಟವೆಲ್ ಸುತ್ತಿ ಅವರನ್ನು ಕೂರಿಸಿ ಹಾವೇರಿಯ ಕಡೆ ಹೊರಟೆವು. ಮೋಟೆಬೆನ್ನೂರು ದಾಟಿ ಹೆದ್ದಾರಿ ಹಿಡಿದ ಮೇಲೆ ಅವರು, "ಹೋಳಗಿ ಮಾತ್ರ ಭಾಳ ಮೆತ್ತಗಿದ್ದುವು," ಎಂದರು. ಹೀಗೆಂದರೆಂದು ನಾನು ಹೇಳಿದಾಗ ಯಾರೂ ನಂಬುವುದಿಲ್ಲ. ನನ್ನ ನೆನಪನ್ನು ನಾನೂ ನಂಬುತ್ತಿರಲಿಲ್ಲ, ಆದರೆ ಡ್ರೈವರೂ ಮುಂದೆ ಎಷ್ಟೋ ಸಲ ಇದೇ ಮಾತು ಹೇಳಿದ.

ಹಾವೇರಿಯ ಡಾಕ್ಟರು ಟವೆಲ್ ಬಿಚ್ಚಿ, ಕಿಟಕಿ ತೆರೆಯಲು ಹೇಳಿ, ನನ್ನ ಕಡೆ ತಿರುಗಿದರು.

"ಒಂದ ಖೋಲಿಯಾಗ ಕೆಲಸ ಮಾಡ್ತೀರಿ. ವಾಸನಿ ಬರಲಿಲ್ಲೇನ್ರಿ ನಿಮಗ?"

ಬಂದಿರಲಿಲ್ಲ. ಆ ಕೋಣೆಯಲ್ಲಿ ಮನುಷ್ಯನ ಕಾಲು ಕೊಳೆಯುವುದಕ್ಕೂ ನಮ್ಮ ಆಹಾರಕ್ಕೆ ಹಾಕುವ ಆಮ್ಲಕ್ಕೂ ವ್ಯತ್ಯಾಸ ತಿಳಿಯುವ ಮೂಗು ಮೂವರಲ್ಲಿ ಒಬ್ಬರಿಗೂ ಉಳಿದಿರಲಿಲ್ಲ. ಡಾಕ್ಟರಿಗೆ ಇದನ್ನು ವಿವರಿಸಿದೆ. ಅವರು ತಲೆಯಾಡಿಸಿ, ಅಲ್ಲಿಂದಲೇ ಹುಬ್ಬಳ್ಳಿಗೆ ಕಳಿಸಿದರು. ಹುಬ್ಬಳ್ಳಿಯಲ್ಲಿ ಮೊದಲು ಬೆರಳುಗಳನ್ನು ತೆಗೆದರು. ಅದು ಸಾಲದೆ, ಆ ತಿಂಗಳು ಮುಗಿಯುವುದರೊಳಗೆ ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆದರು.

ಊರಲ್ಲಿ ಬೇರೆಯೇ ಸುದ್ದಿ ಹಬ್ಬಿತು. ಕಾಲೇಜಿನ ನೊಣಗಳು ಹಲಗೇರಿ ಸರ್ ಕಾಲಿಗೆ ಮೊಟ್ಟೆಯಿಟ್ಟವಂತೆ, ಅದಕ್ಕೇ ಕಾಲು ಹೋಯಿತಂತೆ. ಬೆಲ್ಲದ ಹೆಸರು ಯಾರೂ ಎತ್ತಲಿಲ್ಲ. ಪ್ರಿನ್ಸಿಪಾಲರು ಕರೆದು, "ಆ ನೊಣಾ ಎಲ್ಲಾ ಸುಟ್ಟ ಹಾಕ್ರಿ. ಅಡ್ಮಿಷನ್ ಟೈಮ್ ಬಂತು," ಎಂದರು. ನಾನು ಸುಡಲಿಲ್ಲ. ಎಷ್ಟು ಸಲ ವಿವರಿಸಿದೆನೋ ನೆನಪಿಲ್ಲ. ಕೊನೆಗೆ ಅವರಿಗೇ ಬೇಸರವಾಗಿ ಸುಮ್ಮನಾದರು. ಅಷ್ಟರಲ್ಲಿ ಮೂರನೆಯ ಪ್ರಯೋಗದ ನೊಣಗಳು ಹೊರಬಂದಿದ್ದವು. ಇನ್ನೂ ಒಂದು ಸಲ ಮಾಡಿ ನೋಡಿದೆ. ಎರಡು ಸಲವೂ ಬೆಲ್ಲದ ನೊಣಗಳು ಸಕ್ಕರೆಯ ನೊಣಗಳ ಹಾಗೆಯೇ ತಡವಾಗಿ ಗೂಡು ಕಟ್ಟಿದವು, ನಳಿಗೆಯ ತಳದಲ್ಲಿ ಅವುಗಳ ಹಾಗೆಯೇ ಒದ್ದಾಡಿದವು. ಕಂಟ್ರೋಲ್ ನೊಣಗಳು ಮಾತ್ರ ಸರಸರ ಏರಿದವು.

ಮಳೆಗಾಲ ಶುರುವಾದ ಮೇಲೆ ಒಂದು ಬೆಳಿಗ್ಗೆ ಸರ್ ವಿಭಾಗಕ್ಕೆ ಬಂದರು. ಎರಡು ಕಂಕುಳಲ್ಲೂ ಊರುಗೋಲು. ಪ್ಯಾಂಟಿನ ಎಡಗಡೆ ಮಡಚಿ ಪಿನ್ ಹಾಕಿತ್ತು. ಫಕೀರವ್ವ ಕುರ್ಚಿ ಒರೆಸಿ ಇಟ್ಟು, ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಅಳಬ್ಯಾಡ ಬಿಡ ಫಕೀರವ್ವಾ. ಒಂದ ಬೂಟಿನ ಪಾಲಿಶ್ ಉಳೀತು," ಎಂದರು. ಆಮೇಲೆ ನನಗೆ, "ಎಲ್ಲೆ, ತೋರಸ್ರಿ ನಿಮ್ಮ ನೊಣಾ. ಈ ಸಲ ಏನಂದುವು?"

ಮೂರು ನಳಿಗೆಗಳನ್ನು ಅವರ ಮುಂದೆ ಸಾಲಾಗಿ ನಿಲ್ಲಿಸಿದೆ. ಅವರೇ ಒಂದೊಂದನ್ನೂ ಎತ್ತಿ ಕುಟ್ಟಿದರು. ಸಾದಾ ನೊಣಗಳು ಏರಿದವು. ಸಕ್ಕರೆಯವು ತಳದಲ್ಲೇ ಉಳಿದವು. ಬೆಲ್ಲದ ನಳಿಗೆಯನ್ನು ಅವರು ಬಹಳ ಹೊತ್ತು ಕಣ್ಣ ಮುಂದೆ ಹಿಡಿದಿದ್ದರು. ಒಂದು ನೊಣ ಗೋಡೆ ಹಿಡಿದು ಒಂದು ಬೆರಳಿನಷ್ಟು ಏರಿ, ಜಾರಿ, ಅಂಗಾತ ಬಿತ್ತು.

"ದಣದಾವ ಕಾಣ್ತೈತಿ," ಎಂದರು. "ಇನ್ನೊಂದ ಸಲಾ ಮಾಡ್ರಿ."

ಇಲ್ಲಿ ನನ್ನ ನೆನಪಿಗೂ ದಿನಚರಿಗೂ ಜಗಳವಿದೆ. "ಇನ್ನೊಂದ ಸಲಾ ಮಾಡಾಕ ನಿಮ್ಮ ಕಡೆ ಇನ್ನೊಂದ ಕಾಲ ಐತ್ರಿ ಸರ, ಅಷ್ಟ," ಎಂದು ನಾನು ಹೇಳಿದೆನೆಂದು ದಿನಚರಿಯಲ್ಲಿದೆ. ನೆನಪಿನಲ್ಲಿ ನಾನು ಬಾಯಿ ತೆರೆದೇ ಇಲ್ಲ. ಮಳೆಯ ಸದ್ದಷ್ಟೇ ಇದೆ. ನನ್ನ ದಿನಚರಿ ಯಾವಾಗಲೂ ನನಗಿಂತ ಸ್ವಲ್ಪ ಹೆಚ್ಚು ಧೈರ್ಯದ್ದು. ಹೇಳಿದ್ದರೂ ಅವರಿಗೆ ನಾಟಿದಂತಿರಲಿಲ್ಲ. ಆಮೇಲೆ ನಡೆದದ್ದರಲ್ಲಿ ಮಾತ್ರ ಎರಡೂ ಒಂದೇ ಮಾತು ಹೇಳುತ್ತವೆ.

ಅವರು ನಳಿಗೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ಅಂದ್ರ ಬೆಲ್ಲಾನೂ ಸಕ್ರೀನೂ ಎರಡೂ ಒಂದ ಅಂತೀರಿ."

"ಹೌದ್ರಿ ಸರ. ಎರಡೂ ಒಂದ."

"ಖರೇನ?"

"ನೀವ ನೋಡಿದ್ರೆಲ್ರಿ."

ಅವರು ತಲೆಯಾಡಿಸಿದರು. ಸೋತ ಮನುಷ್ಯ ಕೊನೆಗೂ ಒಪ್ಪಿಕೊಳ್ಳುವಾಗ ಮುಖದಲ್ಲಿ ಬರುವ ಒಂದು ಬಗೆಯ ಸಮಾಧಾನ ಅವರ ಮುಖದಲ್ಲಿತ್ತು. ಕಾಲು ಹೋದರೂ ಸರಿ, ಇನ್ನೊಂದು ಉಳಿಯಿತು ಎಂದುಕೊಂಡೆ. ಅವರು ಫಕೀರವ್ವನ ಕಡೆ ತಿರುಗಿದರು.

"ಚಹಾ ತರಿಸವಾ ಫಕೀರವ್ವಾ. ಬೆಲ್ಲದ ಚಹಾ ಬ್ಯಾಡ ಇನ್ನ." ಒಂದು ಕ್ಷಣ ತಡೆದು, ನೆಮ್ಮದಿಯಿಂದ ಕುರ್ಚಿಗೆ ಒರಗಿದರು. "ಎರಡೂ ಒಂದ ಅಂದಮ್ಯಾಲೆ ಸುಮ್ಮನ ಬೆಲ್ಲಾ ಯಾಕ? ಸಕ್ರೀದ ತರಸು. ಚಹಾಕ್ಕ ಸಕ್ರೀನ ಛಲೋ."

ನಾನು ಹೊರಗೆ ಹೋಗಿ ಸೈಕಲ್ ಸ್ಟ್ಯಾಂಡಿನ ಹಿಂದೆ ವಾಂತಿ ಮಾಡಿಕೊಂಡೆ. ಎರಡನೆಯ ಕಾಲು ಹೋಗುವುದಕ್ಕೆ ಮತ್ತೆರಡು ವರ್ಷವೂ ಹಿಡಿಯಲಿಲ್ಲ.

ಆ ಮೇಲೆ ಬಹಳ ವರ್ಷ ನಾನು ನೊಣಗಳೊಂದಿಗೇ ಕೆಲಸ ಮಾಡಿದೆ. ತಾಳೆಣ್ಣೆ, ಮೈದಾ, ಪಾಲಿಶ್ ಅಕ್ಕಿ, ಯಾವುದಾದರೊಂದನ್ನು ನೊಣಕ್ಕೆ ತಿನ್ನಿಸಿ ನೋಡಬೇಕೆಂದು ವಿದ್ಯಾರ್ಥಿಗಳು ಬರುತ್ತಿದ್ದರು. ಬರುವವರೆಲ್ಲರ ಮನೆಯಲ್ಲೂ ಒಬ್ಬ ಅಪ್ಪ, ಒಬ್ಬ ಸೋದರಮಾವ ಇದ್ದೇ ಇರುತ್ತಿದ್ದ, ಏನನ್ನೋ ತಿನ್ನಬಾರದೆಂದು ಡಾಕ್ಟರು ಹೇಳಿದವನು. ಪ್ರಯೋಗದ ವಿಧಾನ, ಕಂಟ್ರೋಲ್, ಅಳತೆ ಇವನ್ನೆಲ್ಲ ನಾನು ಆಮೇಲೆ ಕಲಿಸುತ್ತಿದ್ದೆ. ಮೊದಲು ಕೇಳುತ್ತಿದ್ದದ್ದು, ಹಲಗೇರಿ ಸರ್ ಅವರನ್ನು ಆ ಮೊದಲ ದಿನ ಸ್ಟಾಫ್ ರೂಮಿನಲ್ಲಿ ಯಾರೂ ಕೇಳದೆ ಹೋದದ್ದು: ಫಲಿತಾಂಶ ನಿನಗೆ ಬೇಡವಾದ ಹಾಗೆ ಬಂದರೆ ನೀನು ಏನನ್ನು ಬಿಡುತ್ತೀ? ನಿನ್ನ ಮನೆಯವರು ಏನನ್ನು ಬಿಡುತ್ತಾರೆ? ಈಗಲೇ ಹೇಳು. ಈ ಪ್ರಶ್ನೆಗೆ ಉತ್ತರ ಇಲ್ಲದೆ ಮಾಡುವ ಪ್ರಯೋಗ ನೊಣಗಳ ಹೆಸರಿನಲ್ಲಿ ನಡೆಸುವ ಊಟ, ಅಷ್ಟೇ.

"ಹಂಗ ಬರೂದ ಇಲ್ಲ ಬಿಡ್ರಿ ಮೇಡಂ," ಎಂದು ಹೆಚ್ಚಿನವರು ನಗುತ್ತಿದ್ದರು. ಹಾಗೆ ನಕ್ಕವರಿಗೆ ನಾನು ಬಾಟಲಿ ಕೊಡುತ್ತಿರಲಿಲ್ಲ.